ಎಲ್‌ಡಬ್ಲ್ಯುಆರ್ ಹಳಿ ಮತ್ತು ಟಿ.ಡಿ.: ಬಿಸಿಲಿನಲ್ಲಿ ಕೆಲಸ ಯಾವಾಗ ನಿಲ್ಲಿಸಬೇಕು?

ಇಲಾಖಾ ಪರೀಕ್ಷೆಗೆ ಓದುವವರಿಗೆ ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ಹಳಿಯಲ್ಲಿ ಅಲ್ಪಾವಧಿ ಕೆಲಸ ಮಾಡುವಾಗ ಆ ಜಾಗದಿಂದ 600 ಮೀಟರ್‌ನಲ್ಲಿ ಬ್ಯಾನರ್ ಬಾವುಟ (ಹಳಿಗೆ ಅಡ್ಡಲಾಗಿ ಕಟ್ಟುವ ಕೆಂಪು ಬಟ್ಟೆ), 1200 ಮೀಟರ್‌ನಲ್ಲಿ ಹತ್ತು ಹತ್ತು ಮೀಟರ್ ಅಂತರದ ಮೂರು ಡಿಟೋನೇಟರ್ (ಗಾಲಿ ಹಾದಾಗ ಸಿಡಿದು ಚಾಲಕನನ್ನು ಎಚ್ಚರಿಸುವ ಪಟಾಕಿ) ಇರಬೇಕೆಂಬುದು ಬಾಯಿಪಾಠವಾಗಿರುತ್ತದೆ. ನನಗೆ ತೊಡಕಾದದ್ದು ಉದ್ದ ಬೆಸುಗೆ ಹಳಿಯ, ಅಂದರೆ ಎಲ್‌ಡಬ್ಲ್ಯುಆರ್‌ನ, ತಾಪಮಾನದ ಲೆಕ್ಕ.

ಹಳಿಯೊಳಗೆ ತಾಪದಿಂದಾಗುವ ಎಳೆತವಾಗಲಿ ಒತ್ತಡವಾಗಲಿ ಇಲ್ಲದ ತಾಪಮಾನವೇ ಟಿ.ಡಿ. ಅದಕ್ಕಿಂತ ಹಳಿ ಬಿಸಿಯಾದರೆ ಹಿಗ್ಗಲು ನೋಡುತ್ತದೆ, ಆದರೆ ಹಳಿಯಡಿಯ ಅಡ್ಡತೊಲೆಗಳಾದ ಸ್ಲೀಪರ್ ಮತ್ತು ಜಲ್ಲಿ ಅದನ್ನು ಹಿಡಿದಿಡುವುದರಿಂದ ಹಿಗ್ಗಲಾರದೆ ಒತ್ತಡಕ್ಕೆ ಸಿಲುಕುತ್ತದೆ. ಮೀಟರಿಗೆ ಸುಮಾರು 60 ಕೆ.ಜಿ. ತೂಗುವ ಹಳಿಯಲ್ಲಿ ಪ್ರತಿ ಡಿಗ್ರಿಗೆ ಈ ಒತ್ತಡ ಸುಮಾರು 1.9 ಟನ್, 20 ಡಿಗ್ರಿ ಏರಿದರೆ ಒಂದು ಹಳಿಯಲ್ಲಿ 38 ಟನ್, ಎರಡರಲ್ಲೂ ಸೇರಿ 76 ಟನ್.

ಹಳಿ ಉದ್ದವಾದಷ್ಟೂ ಒತ್ತಡ ಹೆಚ್ಚುತ್ತದೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲ. ಬಿಡುವಾಗಿದ್ದರೆ ಒಂದು ಕಿಲೋಮೀಟರ್ ಹಳಿ ಡಿಗ್ರಿಗೆ ಸುಮಾರು 11.5 ಮಿಲಿಮೀಟರ್ ಹಿಗ್ಗುತ್ತಿತ್ತು, ಎರಡು ಕಿಲೋಮೀಟರ್ ಅದರ ಎರಡರಷ್ಟು. ಆದರೆ ಪ್ರತಿ ಮೀಟರಿನ ಪಾಲಿಗೆ ತಡೆಹಿಡಿದ ಹಿಗ್ಗು ಅಷ್ಟೇ ಇರುವುದರಿಂದ ಒತ್ತಡವೂ ಅಷ್ಟೇ. ಬಾವಿಯಿಂದ ಕೊಡ ಸೇದುವಾಗ, ಹಗ್ಗದ ಸ್ವಂತ ತೂಕ ಬಿಟ್ಟರೆ, ಹಗ್ಗ ಹತ್ತು ಮಾರಿದ್ದರೂ ಇಪ್ಪತ್ತು ಮಾರಿದ್ದರೂ ಕೈಗೆ ಬೀಳುವ ಭಾರ ಕೊಡದ್ದೇ ಅಲ್ಲವೇ? ಹಳಿಯಲ್ಲಿ ಎರಡೂ ತುದಿಯ ಸ್ವಲ್ಪ ಭಾಗ ಮಾತ್ರ ಅಲುಗುತ್ತದೆ. ನಡುವಿನ ಭಾಗ ಕದಲದೆ ಪೂರ್ಣ ಒತ್ತಡವನ್ನು ಹೊತ್ತು ನಿಂತಿರುತ್ತದೆ.

ಇದು ಅರ್ಥವಾದ ಮೇಲೆ ನಿಯಮಗಳು ತಾವಾಗಿಯೇ ಹಿಡಿತಕ್ಕೆ ಬಂದವು. ಒತ್ತಡಕ್ಕೆ ಸಿಲುಕಿದ ಹಳಿ ಪಕ್ಕಕ್ಕೆ ಬಾಗದಂತೆ ತಡೆಯುವುದರಲ್ಲಿ ಜಲ್ಲಿಯ ಪಾಲು ದೊಡ್ಡದು, ಮತ್ತು ನಿರ್ವಹಣೆಯಲ್ಲಿ ನಾವು ಮೊದಲು ಕದಲಿಸುವುದು ಅದನ್ನೇ. ಆದ್ದರಿಂದ ಜಲ್ಲಿ ಕದಡುವ ಕೆಲಸವನ್ನು ಹಳಿಯ ತಾಪಮಾನ ಟಿ.ಡಿ.ಗಿಂತ 10 ಡಿಗ್ರಿ ಮೇಲೆ ಮತ್ತು 30 ಡಿಗ್ರಿ ಕೆಳಗಿನ ಮಿತಿಯೊಳಗೆ ಮಾತ್ರ ಮಾಡಬೇಕು. ಟಿ.ಡಿ. 40 ಆಗಿದ್ದರೆ ಹಳಿ 50 ಮುಟ್ಟಿದ ಕೂಡಲೇ ಕೆಲಸ ನಿಲ್ಲಬೇಕು. ಬ್ಲಾಕ್, ಅಂದರೆ ರೈಲು ಓಡಾಟ ನಿಲ್ಲಿಸಿ ಕೆಲಸಕ್ಕೆ ಕೊಟ್ಟ ಅವಧಿ, ಇನ್ನೂ ಅರ್ಧ ಗಂಟೆ ಉಳಿದಿದೆ ಎಂಬುದು ಕಾರಣವಾಗದು. ಕೈಯಿಂದ ಕೆಲಸ ಮಾಡುವಾಗ ಒಂದೇ ಬಾರಿಗೆ ಸತತ 30 ಸ್ಲೀಪರ್ ಅಂತರಗಳಿಗಿಂತ ಹೆಚ್ಚು ತೆರೆಯುವಂತಿಲ್ಲ, ತೆರೆದ ಎರಡು ಭಾಗಗಳ ನಡುವೆ ಜಲ್ಲಿ ಪೂರ್ತಿ ತುಂಬಿದ 30 ಅಂತರಗಳಾದರೂ ಉಳಿಯಬೇಕು. ಟಿ.ಡಿ.ಗಿಂತ 20 ಡಿಗ್ರಿ ಮೀರಿದರೆ ಹಳಿಯನ್ನು ನೋಡುತ್ತ ನಡೆಯುವ ಬಿಸಿಲುಗಸ್ತು ಹೊರಡುತ್ತದೆ.

ಇಲ್ಲೆಲ್ಲ ಹೇಳುತ್ತಿರುವುದು ಗಾಳಿಯ ತಾಪಮಾನವಲ್ಲ, ಹಳಿಯದು. ಮಧ್ಯಾಹ್ನ ಹಳಿ ಗಾಳಿಗಿಂತ ಬಹಳ ಬಿಸಿಯಾಗಿರುತ್ತದೆ. ಅಯಸ್ಕಾಂತವಿರುವ ಡಯಲ್ ಥರ್ಮಾಮೀಟರನ್ನು ಹಳಿಯ ನೆರಳಿನ ಬದಿಯಲ್ಲಿ, ಅದರ ತಲೆಗೂ ಬುಡಕ್ಕೂ ನಡುವಿನ ಪಟ್ಟಿಗೆ ಅಂಟಿಸಿ, ಮುಳ್ಳು ನೆಲೆಗೊಳ್ಳಲು ಸುಮಾರು 8 ನಿಮಿಷ ಕಾದು ಓದಬೇಕು. ಅವಸರದಲ್ಲಿ ಎರಡೇ ನಿಮಿಷಕ್ಕೆ ಓದಿದರೆ ಹಳಿ ಇರುವುದಕ್ಕಿಂತ ತಣ್ಣಗೆ ಕಾಣಬಹುದು. ಗಸ್ತಿನವರು ನೋಡಬೇಕಾದದ್ದು ಸ್ಲೀಪರ್ ತುದಿಗೂ ಜಲ್ಲಿಗೂ ನಡುವೆ ಹೊಸದಾಗಿ ಮೂಡಿದ ಸೀಳು, ನೇರ ಹಳಿಯಲ್ಲಿ ಕಾಣುವ ಚಿಕ್ಕ ಡೊಂಕು. ಹಳಿ ಬಾಗುವ ಇಂಥ ಗುರುತು ಕಂಡರೆ ಅಳತೆಗೆ ಕೂರದೆ ಮೊದಲು ಕೆಂಪು ಬಾವುಟ ಹಿಡಿದು ರೈಲು ನಿಲ್ಲಿಸಬೇಕು.