ಗದ್ದೆಯ ಬದು ಗಾಜಿನ ತೊಟ್ಟಿಯೊಳಗೆ: ನ್ಯೂಟ್ ಟ್ಯಾಂಕ್ ಬಗ್ಗೆ ಅಧ್ಯಯನ ಟಿಪ್ಪಣಿ

ನ್ಯೂಟ್ ಅನ್ನೋ ಪುಟ್ಟ ಉಭಯವಾಸಿಯನ್ನು ಸಾಕುವ ಟ್ಯಾಂಕ್ ಅಂದಕೂಡಲೇ ಅರ್ಧ ನೀರು, ಅರ್ಧ ನೆಲ ಇರುವ ಚಿತ್ರ ತಲೆಗೆ ಬರುತ್ತದೆ. ನಾನೂ ಮೊದಲು ಅದನ್ನೇ ಬರೆದುಕೊಂಡಿದ್ದೆ. ಆ ಪ್ರಾಣಿ ಎಲ್ಲಿ, ಹೇಗೆ ಬದುಕುತ್ತದೆ ಅಂತ ಓದಿದ ಮೇಲೆ ನಕ್ಷೆಯನ್ನು ಬದಲಿಸಬೇಕಾಯಿತು. ಅದರ ಕಾರಣಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಉದಾಹರಣೆಗೆ ಆರಿಸಿಕೊಂಡಿರುವುದು ಜಪಾನಿನ ಕೆಂಪು ಹೊಟ್ಟೆಯ ನ್ಯೂಟ್. ವೈಜ್ಞಾನಿಕ ಹೆಸರು ಸೈನಾಪ್ಸ್ ಪಿರ್ರೊಗ್ಯಾಸ್ಟರ್. ನೋಡಲು ಹಲ್ಲಿಯ ಹಾಗಿದ್ದರೂ ಇದು ಕಪ್ಪೆಯಂತೆ ಉಭಯವಾಸಿ. ಉದ್ದ ಸುಮಾರು 8ರಿಂದ 13 ಸೆಂ.ಮೀ. ಜಪಾನಿನಲ್ಲಿ ಇದನ್ನು ಇಮೋರಿ ಅನ್ನುತ್ತಾರೆ. ಆ ಹೆಸರನ್ನು ಬರೆಯುವ ಅಕ್ಷರಗಳಿಗೆ ‘ಬಾವಿ ಕಾಯುವವ’ ಎಂಬ ಅರ್ಥ ಬರುತ್ತದೆ. ಗೋಡೆ ಮೇಲಿನ ಹಲ್ಲಿಗೆ ಅಲ್ಲಿ ಯಾಮೊರಿ, ‘ಮನೆ ಕಾಯುವವ’. ಎಷ್ಟು ಚೆಂದದ ಜೋಡಿ ಹೆಸರು, ಅಲ್ವಾ? ಒಂದು ನೀರಿಗೆ ಸೇರಿದ್ದು, ಇನ್ನೊಂದು ಮನೆಗೆ ಸೇರಿದ್ದು ಅನ್ನೋದು ಹೆಸರಿನಲ್ಲೇ ಇದೆ.

ಇಮೋರಿ ಇರುವುದು ಭತ್ತದ ಗದ್ದೆ, ಕೆರೆ, ಕಾಲುವೆ, ನಿಧಾನ ಹರಿಯುವ ತೊರೆಗಳಲ್ಲಿ. ಮಲೆನಾಡಿನ ಗದ್ದೆ ಬದುವಿನ ಮೇಲೆ ನಡೆದವರಿಗೆ ಆ ಜಾಗ ಕಣ್ಣಿಗೆ ಕಟ್ಟುತ್ತದೆ. ತಣ್ಣಗಿನ, ಆಳವಿಲ್ಲದ ನೀರು. ಒತ್ತಾದ ಗಿಡ. ನೀರು ಮುಗಿಯುವಲ್ಲಿ ಹುಲ್ಲು, ಪಾಚಿ ಬೆಳೆದ ಒದ್ದೆ ಅಂಚು. ಬೆಳೆದ ನ್ಯೂಟ್ ಹೆಚ್ಚಿನ ಹೊತ್ತು ನೀರಲ್ಲೇ ಇರುತ್ತದೆ, ಬೇಕಾದಾಗ ಮೇಲೆ ಹತ್ತುತ್ತದೆ. ಹಾಗಾಗಿ ನಾವು ಕಟ್ಟಬೇಕಾದದ್ದು ಹೊಲವನ್ನಲ್ಲ, ಬದುವನ್ನು.

ನೀರಿನ ಲೆಕ್ಕ

60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಟ್ಯಾಂಕ್ ಇದೆ ಅಂದುಕೊಳ್ಳಿ. ಇದರಲ್ಲಿ ಎರಡು ಮೂರು ನ್ಯೂಟ್ ಆರಾಮಾಗಿ ಇರಬಹುದು. 18 ಸೆಂ.ಮೀ. ನೀರು ತುಂಬಿದರೆ 32 ಲೀಟರ್ ಆಯಿತು. ಅರ್ಧ ಭಾಗಕ್ಕೆ ಗಾಜು ಅಂಟಿಸಿ ಮಣ್ಣು ತುಂಬಿದರೆ ಉಳಿಯುವುದು 16 ಲೀಟರ್ ಮಾತ್ರ. ಪ್ರಾಣಿ ಅಷ್ಟೇ, ಅದರ ಮಲಮೂತ್ರ ಅಷ್ಟೇ, ನೀರು ಮಾತ್ರ ಅರ್ಧ. ಕಡಿಮೆ ನೀರು ಬೇಗ ಕೆಡುತ್ತದೆ, ಬೇಗ ಬಿಸಿಯೂ ಆಗುತ್ತದೆ. ಇನ್ನೊಂದು ತೊಂದರೆ, ಮಣ್ಣಿನ ತಳದಲ್ಲಿ ನೀರು ನಿಂತು ಕೊಳೆತು ವಾಸನೆ ಬರುವುದು.

ಅದಕ್ಕೇ ನೆಲವನ್ನು ನೀರಿನ ಮೇಲೆ ಕೂರಿಸಿ. ಕಾರ್ಕ್ ತೊಗಟೆಯ ತುಂಡು ತಾನೇ ತೇಲುತ್ತದೆ. ಸ್ವಲ್ಪ ಗಟ್ಟಿಯಾದದ್ದು ಬೇಕಿದ್ದರೆ ಟ್ಯಾಂಕಿನ ಒಂದು ಮೂಲೆಯಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ ಪ್ಲಾಸ್ಟಿಕ್ ಜಾಲರಿಯ ಅಟ್ಟ ಮಾಡಿ, ಮೇಲೆ ತೊಗಟೆ, ಮಾಸ್ (ಒದ್ದೆ ಕಲ್ಲಿನ ಮೇಲೆ ಬೆಳೆಯುವ ಪಾಚಿಯಂಥ ಗಿಡ) ಹಾಸಿ. ಕೆಳಗೆ ನೀರು ಓಡಾಡುತ್ತದೆ, ಸ್ಪಂಜ್ ಫಿಲ್ಟರ್ ಅಲ್ಲೇ ಅಡಗುತ್ತದೆ, ನ್ಯೂಟ್‌ಗೆ ನೆರಳಿನ ಗುಹೆಯೂ ಸಿಕ್ಕಿತು. ಒಟ್ಟು ಜಾಗದ ಕಾಲು ಭಾಗ ನೆಲ ಇದ್ದರೆ ಧಾರಾಳ. ಮಾಸ್‌ನ ಅಂಚು ನೀರಿಗೆ ತಾಗಿಕೊಂಡಿರಲಿ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಅದು ನೀರು ಹೀರಿ ಅಟ್ಟವನ್ನು ಒದ್ದೆಯಾಗಿಡುತ್ತದೆ.

ಅಂಚು ಕಡಿದಾಗಿರಬಾರದು. ಒಂದು ಮರದ ಬೇರನ್ನೋ ತೊಗಟೆಯನ್ನೋ ತಳದಿಂದ ಅಟ್ಟಕ್ಕೆ ಓರೆಯಾಗಿ ಇಟ್ಟರೆ ಅದೇ ಇಳಿಜಾರು.

ತಂಪು

ಇಡೀ ಟ್ಯಾಂಕಿನಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ. ನೀರು 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. 24 ದಾಟಿದರೆ ಪ್ರಾಣಿಗೆ ಕಷ್ಟ ಶುರು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಅದೇ ಹೊತ್ತಿಗೆ ಪ್ರಾಣಿಗೆ ಬೇಕಾಗುವುದು ಜಾಸ್ತಿ. ನೀರಿನ ಮೇಲೆ ಚಿಕ್ಕ ಫ್ಯಾನ್ ಬೀಸುವಂತೆ ಇಟ್ಟರೆ ಕೆಲವು ಡಿಗ್ರಿ ಇಳಿಯುತ್ತದೆ. ಮಡಕೆಯ ನೀರು ತಣ್ಣಗಾಗುವ ಕಾರಣವೇ ಇಲ್ಲೂ ಕೆಲಸ ಮಾಡುವುದು. ಆದರೆ ಮಂಗಳೂರು, ಕಲಬುರಗಿಯ ಬೇಸಿಗೆಗೆ ಫ್ಯಾನ್ ಏನೂ ಸಾಲದು. ನೀರು ತಂಪು ಮಾಡುವ ಚಿಲ್ಲರ್ ಇಡಲಾಗದಿದ್ದರೆ ಅಂಥ ಊರಲ್ಲಿ ನ್ಯೂಟ್ ಸಾಕುವುದು ಬೇಡ.

ಜೋರಾಗಿ ನೀರು ತಳ್ಳುವ ಪಂಪೂ ಬೇಡ. ಗದ್ದೆಯಲ್ಲಿ ಸೆಳವು ಎಲ್ಲಿರುತ್ತದೆ?

ತಳಕ್ಕೆ ನುಣ್ಣನೆಯ ಮರಳು ಹಾಕಿ. ಅಥವಾ ನ್ಯೂಟ್ ತಲೆಗಿಂತ ದೊಡ್ಡ ಕಲ್ಲು. ನಡುವಿನ ಗಾತ್ರದ ಜಲ್ಲಿ ಅಪಾಯ. ಹುಳು ಹಿಡಿಯುವಾಗ ಅದನ್ನೂ ನುಂಗಿದರೆ ಕರುಳು ಕಟ್ಟಿಕೊಳ್ಳಬಹುದು. ಗಿಡಗಳಲ್ಲಿ ಜಾವಾ ಮಾಸ್, ಜಾವಾ ಫರ್ನ್, ಅನೂಬಿಯಾಸ್, ಹಾರ್ನ್‌ವರ್ಟ್ ತಂಪಿನಲ್ಲೂ ಕಡಿಮೆ ಬೆಳಕಿನಲ್ಲೂ ಬದುಕುತ್ತವೆ. ಗಿಡ ಬರೀ ಅಂದಕ್ಕಲ್ಲ. ಹೆಣ್ಣು ನ್ಯೂಟ್ ಒಂದೊಂದೇ ಮೊಟ್ಟೆ ಇಟ್ಟು, ಹಿಂಗಾಲಿನಿಂದ ಎಲೆ ಮಡಚಿ ಅದರೊಳಗೆ ಮುಚ್ಚಿಡುತ್ತದೆ. ಮೊಟ್ಟೆ ಕಂಡರೆ ಎಲೆ ಸಮೇತ ಬೇರೆ ಪಾತ್ರೆಗೆ ತೆಗೆಯಿರಿ, ಇಲ್ಲದಿದ್ದರೆ ದೊಡ್ಡವು ತಿಂದುಬಿಡುತ್ತವೆ. ಕಿವಿರು ಹೋದ ಮೇಲೆ ಮರಿಗಳು ಕೆಲವು ವರ್ಷ ನೆಲದ ಮೇಲೇ ಇರುತ್ತವೆ. ಅವಕ್ಕೆ ಈ ವಿನ್ಯಾಸ ಆಗುವುದಿಲ್ಲ, ಒದ್ದೆ ಮಾಸ್ ಹಾಸಿದ ಬೇರೆ ಡಬ್ಬಿ ಬೇಕು.

ಮೇಲೆ ಬಿಗಿಯಾದ ಜಾಲರಿ ಮುಚ್ಚಳ ಕಡ್ಡಾಯ. ಒದ್ದೆ ಹೊಟ್ಟೆಯನ್ನು ಗಾಜಿಗೆ ಅಂಟಿಸಿಕೊಂಡು ಇವು ನೆಟ್ಟಗೆ ಮೇಲೆ ಹತ್ತುತ್ತವೆ. ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿದೆ, ಪಫರ್ ಮೀನಿನಲ್ಲಿ ಇರುವಂಥದ್ದೇ. ಸುಮ್ನೆ ಕೈಗೆತ್ತಿಕೊಳ್ಳಬೇಡಿ, ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಿರಿ. ಜೊತೆಗೆ ಮೀನು ಬಿಡಬೇಡಿ.

ತರುವ ಮುಂಚೆ ಕಾನೂನನ್ನೂ ನೋಡಬೇಕು. ಡಾರ್ಜಿಲಿಂಗ್ ಕಡೆಯ ನಮ್ಮ ಹಿಮಾಲಯದ ನ್ಯೂಟ್‌ಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅದನ್ನು ಮನೆಗೆ ತರುವಂತಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ಗಮನಿಸಿ: ಸಾಲಮಾಂಡರ್‌ಗಳನ್ನು (ನ್ಯೂಟ್ ಸೇರಿದ ಬಳಗ) ಕೊಲ್ಲುವ ಒಂದು ಶಿಲೀಂಧ್ರದ ಭಯದಿಂದ 2016ರಲ್ಲಿ ಅಲ್ಲಿ ಆಮದಿಗೆ ನಿರ್ಬಂಧ ಬಂತು, ಇಮೋರಿಯ ಕುಲವಾದ ಸೈನಾಪ್ಸ್ ಕೂಡ ಆ ಪಟ್ಟಿಯಲ್ಲಿದೆ.

ಟ್ಯಾಂಕ್ ಕಟ್ಟಿದ ದಿನವೇ ನ್ಯೂಟ್ ಬಿಡಬೇಡಿ. ಕ್ಲೋರಿನ್ ತೆಗೆದ ನೀರು ತುಂಬಿ, ಫಿಲ್ಟರ್ ಓಡಿಸಿ, ಚಿಟಿಕೆ ಮೀನಿನ ಆಹಾರ ಹಾಕುತ್ತಾ ಕಾಯಿರಿ. ಮಲಮೂತ್ರದಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಮಾಡುವ, ಅದನ್ನು ಮತ್ತೆ ಕಡಿಮೆ ಹಾನಿಯ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ವಾರಗಟ್ಟಲೆ ಬೇಕು. ತಣ್ಣನೆ ನೀರಿನಲ್ಲಿ ಇನ್ನೂ ನಿಧಾನ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು.

ನ್ಯೂಟ್ ಬಿಟ್ಟ ಮೇಲೆ ಅವು ಎಲ್ಲಿ ಕೂರುತ್ತವೆ ಅಂತ ದಿನಾ ನೋಡಿ. ಹೊಸದರಲ್ಲಿ ಒಂದೆರಡು ದಿನ ಅಟ್ಟದ ಮೇಲಿದ್ದರೆ ಚಿಂತೆಯಿಲ್ಲ. ಬೆಳೆದ ನ್ಯೂಟ್ ವಾರವಾದರೂ ನೀರಿಗೆ ಇಳಿಯದಿದ್ದರೆ ‘ಇದಕ್ಕೆ ನೆಲವೇ ಇಷ್ಟ’ ಅಂದುಕೊಳ್ಳಬೇಡಿ. ಮೊದಲು ಥರ್ಮಾಮೀಟರ್ ನೋಡಿ, ಆಮೇಲೆ ಅಮೋನಿಯಾ, ಆಮೇಲೆ ಫಿಲ್ಟರಿನ ಸೆಳವು.