ಹಾಡದ ಹುಡುಗರಿಗೂ ಸಂಗೀತದ ಪಿರಿಯಡ್ಡು

ಹೈಸ್ಕೂಲಿನಲ್ಲಿ ಸಂಗೀತ ಹೇಳಿಕೊಡುವವರೆಲ್ಲ ಇದನ್ನು ನೋಡಿರುತ್ತೀರಿ. ಏಳನೇ ಕ್ಲಾಸಿನವರೆಗೆ ಬಾಯ್ತುಂಬ ಹಾಡುತ್ತಿದ್ದ ಹುಡುಗರು ದನಿ ಒಡೆಯುತ್ತಿದ್ದಂತೆ ಹಿಂದಿನ ಬೆಂಚಿಗೆ ಸರಿಯುತ್ತಾರೆ. ‘ನಂಗೆ ಹಾಡೋಕೆ ಬರಲ್ಲ’ ಅಂತ ತಾವೇ ತೀರ್ಮಾನಿಸಿಬಿಡುತ್ತಾರೆ. ಪಿರಿಯಡ್ಡು ಪೂರ್ತಿ ಹಾಡಿಗೇ ಹೋದರೆ ಅವರಿಗೆ ಅಲ್ಲಿ ಕೆಲಸವೇ ಇಲ್ಲ, ಅಲ್ವಾ? ಶಿರಸಿಯ ಕಡೆ ಪಾಠ ಮಾಡುತ್ತ ನನಗೆ ಖಾತ್ರಿಯಾಗಿದ್ದು ಇಷ್ಟು: ಗಂಟಲು ಕೈಕೊಟ್ಟಾಗಲೂ ಕಿವಿ ಚುರುಕಾಗಿಯೇ ಇರುತ್ತದೆ. ವಾರಕ್ಕೊಂದು ಪಿರಿಯಡ್ಡನ್ನು ಬರೀ ಕೇಳುವುದಕ್ಕೇ ಇಡಬೇಕು.

ಸುಮ್ನೆ ಹಾಡು ಹಚ್ಚಿ ‘ಹೇಗನ್ನಿಸಿತು?’ ಅಂದರೆ ‘ಚೆನ್ನಾಗಿದೆ’ ಅನ್ನುವುದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಎರಡು ನಿಮಿಷದ ತುಣುಕು ಸಾಕು. ಮೊದಲೇ ಒಂದು ಪ್ರಶ್ನೆ ಕೊಡಿ, ಮೂರು ಸಲ ಕೇಳಿಸಿ. ವಿಡಿಯೊ ಬೇಡವೇ ಬೇಡ. ಕಣ್ಣಿಗೆ ಕೆಲಸ ಸಿಕ್ಕಿತೆಂದರೆ ಕಿವಿ ರಜೆ ಹಾಕುತ್ತದೆ.

ಹದಿನಾರು ಮಾತ್ರೆಯ, ಅಂದರೆ ಹದಿನಾರು ಎಣಿಕೆಯ, ತೀನ್‌ತಾಲವನ್ನೇ ತೆಗೆದುಕೊಳ್ಳಿ. ತಬಲಾದ ಠೇಕಾ, ಅಂದರೆ ಆ ತಾಳದ ಸಿದ್ಧ ನುಡಿತ, ನಿಧಾನ ಲಯದಲ್ಲಿ ಕೇಳಿಸುತ್ತೇನೆ. ತಾಳದ ಹೆಸರು ಹೇಳುವುದಿಲ್ಲ. ‘ದಪ್ಪ ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಕೈ ಎತ್ತಿ, ಮತ್ತೆ ಬಂದ ಕೂಡಲೇ ಇಳಿಸಿ’ ಅನ್ನುತ್ತೇನೆ, ಅಷ್ಟೇ. ಎಲ್ಲರೂ ಕಣ್ಣು ಮುಚ್ಚಿರಬೇಕು. ಇಲ್ಲದಿದ್ದರೆ ಮುಂದಿನ ಬೆಂಚಿನ ಜಾಣೆಯ ಕೈ ನೋಡಿ ಉಳಿದವರ ಕೈ ಏಳುತ್ತದೆ. ಮೊದಲ ಸಲ ಕೈಗಳು ಎಲ್ಲೆಲ್ಲೋ ಏಳುತ್ತವೆ. ಮೂರನೇ ಸಲಕ್ಕೆ ಹೆಚ್ಚಿನವು ಹತ್ತನೇ ಮಾತ್ರೆಗೇ ಎದ್ದಿರುತ್ತವೆ. ‘ಅಕ್ಕೋರೇ, ನಡುವೆ ಟೊಳ್ಳಾತು’ ಅಂತ ಹಿಂದಿನಿಂದ ಒಬ್ಬ ಹೇಳಿದರೆ ಆ ದಿನದ ಪಾಠ ಆದಂತೆಯೇ.

ಇಲ್ಲಿ ಅವಸರದಿಂದ ತಿದ್ದಬೇಡಿ. ಪುಸ್ತಕದಲ್ಲಿ ‘ಖಾಲಿ’, ಅಂದರೆ ತಾಳದ ಒತ್ತಿಲ್ಲದ ಜಾಗ, ಇರುವುದು ಒಂಬತ್ತನೇ ಮಾತ್ರೆಗೆ, ನಿಜ. ಆದರೆ ರೂಢಿಯ ಠೇಕಾದಲ್ಲಿ ಒಂಬತ್ತಕ್ಕೂ ‘ಧಾ’ ಬೀಳುತ್ತದೆ, ದಪ್ಪ ದನಿಯ ಡಗ್ಗಾ (ತಬಲಾ ಜೋಡಿಯ ಎಡಗೈ ವಾದ್ಯ) ನುಡಿಯುತ್ತದೆ. ಆಮೇಲಿನ ‘ತಿನ್ ತಿನ್ ತಾ, ತಾ’ದಲ್ಲಿ, ಅಂದರೆ 10ರಿಂದ 13ರವರೆಗೆ, ಡಗ್ಗಾ ಇಲ್ಲ. 14ರ ‘ಧಿನ್’ಗೆ ವಾಪಸ್ ಬರುತ್ತದೆ. ಮಕ್ಕಳ ಕಿವಿ ಹೇಳಿದ್ದು ಸರಿಯೇ. ಖಾಲಿ ಅನ್ನುವ ಹೆಸರನ್ನು ಇದಾದ ಮೇಲೆ ಕೊಡಿ. ಆಗ ಅದು ಬಾಯಿಪಾಠದ ಮಾತಾಗಿ ಉಳಿಯುವುದಿಲ್ಲ.

ರಾಗಕ್ಕೂ ಇದೇ ದಾರಿ. ಭೂಪ್, ದುರ್ಗಾ ಎರಡಕ್ಕೂ ಐದೈದು ಸ್ವರ. ಒಂದರಲ್ಲಿ ಗ ಇದೆ, ಇನ್ನೊಂದರಲ್ಲಿ ಅದರ ಬದಲು ಮ. ಎರಡರ ಆರೋಹವನ್ನೂ ಹಾರ್ಮೋನಿಯಂ ಮೇಲೆ ನುಡಿಸಿ, ‘ಎಷ್ಟನೇ ಸ್ವರ ಬೇರೆಯಾಯಿತು?’ ಅಂತ ಕೇಳಿದರೆ ಸಾಕು.

ನಮ್ಮ ಜಿಲ್ಲೆಯ ಮಕ್ಕಳು ಬರುವಾಗಲೇ ಒಂದು ಕಿವಿ ತಂದಿರುತ್ತಾರೆ. ಯಕ್ಷಗಾನದ ಆಟಕ್ಕೆ ಹೋಗಿ ಅರ್ಧರಾತ್ರಿ ಅಜ್ಜನ ಮಡಿಲಲ್ಲಿ ನಿದ್ದೆ ಮಾಡಿದವರೂ ಬಿರುಸಿನ ಏರುಪದ್ಯಕ್ಕೆ ಚಂಡೆ ಬಿದ್ದಾಗ ಎದ್ದು ಕೂತವರೇ. ಇದನ್ನು ಕ್ಲಾಸಿಗೆ ತಾರದೆ ಇರುವುದು ದೊಡ್ಡ ನಷ್ಟ. ಯಕ್ಷಗಾನದ ಎರಡು ತಿಟ್ಟುಗಳಾದ ಬಡಗಿನ ಚಂಡೆ, ತೆಂಕಿನ ಚೆಂಡೆ ಒಂದರ ಹಿಂದೆ ಒಂದು ಕೇಳಿಸಿ ನೋಡಿ. ಹೊನ್ನಾವರ, ಶಿರಸಿ ಕಡೆಯ ಮಗು ಥಟ್ಟನೆ ನಮ್ಮದು ಯಾವುದು ಅಂತ ಹೇಳುತ್ತದೆ. ಪಾಠ ಶುರುವಾಗುವುದು ‘ಹೇಗೆ ಗೊತ್ತಾಯ್ತು?’ ಅಂದಾಗ. ತೆಳು, ಚೂಪು, ಭಾರ, ಗುಡುಗು ಅಂತ ಮಕ್ಕಳೇ ಮಾತು ಹುಡುಕುತ್ತಾರೆ. ಅವರು ಹೇಳಿದ್ದನ್ನೇ ಬೋರ್ಡಿನ ಮೇಲೆ ಬರೆಯಿರಿ, ನಿಮ್ಮ ಮಾತು ಸೇರಿಸಬೇಡಿ.

ಜೂನ್ ತಿಂಗಳಿಂದ ಮಳೆಯ ಸದ್ದಿಗೆ ಶೀಟಿನ ಮಾಡಿನ ಕೆಳಗೆ ಸ್ಪೀಕರ್ ಇಟ್ಟು ಪ್ರಯೋಜನವಿಲ್ಲ. ಆಗ ಐದಾರು ಮಕ್ಕಳನ್ನು ಹಾರ್ಮೋನಿಯಂ ಸುತ್ತ ಕೂರಿಸಿ, ಎರಡು ಸ್ವರ ನುಡಿಸಿ, ಯಾವುದು ಮೇಲಿನದು ಅಂತ ಕೇಳುವಷ್ಟೇ ಮಾಡಿ.

ದನಿ ಒಡೆದ ಹುಡುಗರನ್ನು ಮತ್ತೆ ಹಾಡಿಗೆ ಕರೆಯುವಾಗ ಹುಡುಗಿಯರ ಕಪ್ಪು ಐದರ (ಹಾರ್ಮೋನಿಯಂನ ಐದನೇ ಕಪ್ಪು ಮನೆಯ) ಶ್ರುತಿಗೆ ನಿಲ್ಲಿಸಬೇಡಿ. ಕಪ್ಪು ಒಂದು ಹಿಡಿದು ನೋಡಿ, ಅದೂ ಹೊಂದದಿದ್ದರೆ ಅಕ್ಕಪಕ್ಕದ ಮನೆಗಳನ್ನು ಒತ್ತಿ ತೋರಿಸಿ. ಒಂದು ವರ್ಷ ಕೇಳುತ್ತ ಕೂತ ಹುಡುಗ ತನ್ನ ಷಡ್ಜ, ಅಂದರೆ ತನ್ನ ‘ಸ’, ಯಾವುದೆಂದು ತಾನೇ ಹೇಳಬಲ್ಲ.