ಈಜು ಬರಲ್ಲ, ಗುಹೆಯೊಳಗಿನ ಹೊಳೆಯಲ್ಲಿ ಟ್ಯೂಬ್ ಮೇಲೆ ತೇಲಬಹುದಾ?

ಪ್ರಶ್ನೆ: ಅಮೆರಿಕದಲ್ಲಿರೋ ಮಗಳು ಈ ಸಲ ಮಧ್ಯ ಅಮೆರಿಕದ ಬೆಲೀಜ್ ದೇಶಕ್ಕೆ ಕರ್ಕೊಂಡು ಹೋಗ್ತೀನಿ ಅಂತಿದ್ದಾಳೆ. ಅಲ್ಲಿ ಕಾಡಿನ ಗುಹೆಗಳೊಳಗೆ ಹರಿಯೋ ಹೊಳೆಯಲ್ಲಿ ಟ್ಯೂಬ್ ಮೇಲೆ ಕೂತು ಹೋಗೋದಂತೆ. ನನಗೆ 58, ಈಜು ಸುತಾರಾಂ ಬರಲ್ಲ. ಹೋಗಬಹುದಾ?

ಹೋಗಬಹುದು. ಈಜು ಬರದಿದ್ದರೂ ನಡೆಯುತ್ತೆ. ಆದರೆ ನಡೆಯೋಕಂತೂ ಬರಬೇಕು!

ತಮಾಷೆಗೆ ಹೇಳಿದ್ದಲ್ಲ. ನಿಮ್ಮ ಮಗಳು ಹೇಳ್ತಿರೋದು ಬಹುಶಃ ಕೇವ್ಸ್ ಬ್ರಾಂಚ್ ನದಿಯ ಬಗ್ಗೆ. ಜಾಗದ ಹೆಸರು ನೊಹೋಚ್ ಚೆಎನ್, ರಾಜಧಾನಿ ಬೆಲ್ಮೋಪಾನ್‌ನಿಂದ ಅಷ್ಟೇನೂ ದೂರವಿಲ್ಲ. ಅಲ್ಲಿ ಕಾರಿಳಿದ ಕೂಡಲೇ ತೇಲೋಕೆ ಶುರು ಮಾಡೋದಲ್ಲ. ಮೊದಲು ಟ್ಯೂಬನ್ನು ಹೆಗಲಿಗೆ ಹಾಕಿಕೊಂಡು ಮಳೆಕಾಡಿನೊಳಗೆ ಅರ್ಧ ಮುಕ್ಕಾಲು ಗಂಟೆ ನಡೀಬೇಕು. ಬೇರು, ಜಾರುವ ಕಲ್ಲು, ನಡುವೆ ಹೊಳೆ ದಾಟೋದೂ ಇರುತ್ತೆ. ನಡೆದು ಮೇಲಕ್ಕೆ ಹೋಗಿ, ತೇಲಿಕೊಂಡು ಕೆಳಕ್ಕೆ ಬರೋದು. ಹಾಗಾಗಿ ಈಜಿಗಿಂತ ಮೊದಲು ನಿಮ್ಮ ಮಂಡಿಯನ್ನು ಕೇಳಿಕೊಳ್ಳಿ.

ನೀರಿನ ವಿಷಯಕ್ಕೆ ಬಂದರೆ, ಲೈಫ್ ಜಾಕೆಟ್ ಹಾಕ್ತಾರೆ, ತಲೆಗೆ ಹೆಲ್ಮೆಟ್, ಅದರ ಮೇಲೊಂದು ಟಾರ್ಚ್. ನಮ್ಮೂರ ಕಡೆ ಹುಡುಗರು ಲಾರಿ ಟ್ಯೂಬ್ ಹಿಡಿದುಕೊಂಡು ಬಾವಿಗೆ ಧುಮುಕಿ ಈಜು ಕಲೀತಿದ್ದರಲ್ಲ, ಇದು ಅದಕ್ಕಿಂತ ಎಷ್ಟೋ ಸಲೀಸು. ಟ್ಯೂಬಿನ ತೂತಿನಲ್ಲಿ ಸೊಂಟ ಇಳಿಬಿಟ್ಟು ಮಲಗಿದರೆ ಆಯ್ತು. ಗೈಡ್ ಎಲ್ಲರ ಟ್ಯೂಬುಗಳನ್ನೂ ರೈಲು ಡಬ್ಬಿಗಳ ಹಾಗೆ ಸೇರಿಸಿ, ತಾನು ನೀರಿಗಿಳಿದು ಎಳೆದುಕೊಂಡು ಹೋಗ್ತಾನೆ. ಬೇಸಿಗೆಯಲ್ಲಿ ಕೆಲವು ಕಡೆ ನೀರು ಎಷ್ಟು ಕಮ್ಮಿ ಅಂದರೆ, ಕೆಳಗಿನ ಕಲ್ಲು ತಗುಲದಿರಲಿ ಅಂತ ಗೈಡ್ "ಕುಂಡೆ ಎತ್ತಿ!" ಅನ್ನೋ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಕೂಗ್ತಾನೆ. ಮಾತು ಮರ್ಯಾದೆಯದಲ್ಲ, ಆದರೆ ತಕ್ಷಣ ಕೇಳಿ.

ಗುಹೆಯ ಒಳಗೆ ಹೋದ ಮೇಲೆ ಒಂದು ಕಡೆ ಎಲ್ಲರ ಟಾರ್ಚನ್ನೂ ಆರಿಸೋಕೆ ಹೇಳ್ತಾರೆ. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಚಾವಣಿಯಿಂದ ತಣ್ಣಗೆ ಒಂದು ಹನಿ ಕೆನ್ನೆ ಮೇಲೆ ಟಪ್ ಅಂತ ಬೀಳುತ್ತೆ, ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ. ಕತ್ತಲು ಕಂಡರೆ ಜೀವ ಬಾಯಿಗೆ ಬರುತ್ತೆ ಅನ್ನೋರು ಗೈಡ್‌ಗೆ ಮೊದಲೇ ಹೇಳಿಬಿಡಿ. ಈಜು ಬರದವರಿಗಿಂತ ಇಂಥವರಿಗೇ ಇಲ್ಲಿ ಕಷ್ಟ ಜಾಸ್ತಿ. ಹಿಂದೆ ಈ ಕಡೆ ಬಾಳಿದ ಮಾಯಾ ನಾಗರಿಕತೆಯ ಜನರಿಗೂ ಇದು ಸುಮ್ನೆ ಒಂದು ಗುಹೆ ಆಗಿರಲಿಲ್ಲ. ಅವರ ಪಾಲಿಗೆ ಗುಹೆ ಅಂದರೆ ಶಿಬಾಲ್ಬಾ ಅನ್ನೋ ಪಾತಾಳಕ್ಕೆ ಬಾಗಿಲು. ಮಳೆ ದೇವರು ಚಾಕ್‌ನ ಮನೆಯೂ ಗುಹೆಯೇ. ಮಳೆ ಕೊಡಪ್ಪಾ ಅಂತ ಅವರು ಒಳಗೆ ಹೋಗಿ ಪೂಜೆ ಮಾಡ್ತಿದ್ದರು. ಇವತ್ತಿನ ಗೈಡ್‌ಗಳು ಆಕಾಶ ನೋಡಿಕೊಂಡು ಮಳೆ ಬಾರದಿರಲಿ ಅಂತಾರೆ.

ನೀವು ನಿಜವಾಗಿ ಕೇಳಬೇಕಾದ್ದು ಈ ಮಳೆ ಬಗ್ಗೆ. ಅಲ್ಲಿನದು ಸುಣ್ಣಕಲ್ಲಿನ ನೆಲ. ಮಳೆನೀರು ಲಕ್ಷಾಂತರ ವರ್ಷ ಕಲ್ಲನ್ನು ಕರಗಿಸಿ ಕೊರೆದ ದಾರಿಯಲ್ಲೇ ಹೊಳೆ ಹರಿಯೋದು. ದೂರದ ಬೆಟ್ಟದಲ್ಲಿ ಜೋರು ಮಳೆ ಸುರಿದರೆ, ನೀವಿರೋ ಕಡೆ ಬಿಸಿಲಿದ್ದರೂ ಹೊಳೆ ಏರುತ್ತೆ. ಬಯಲಿನಲ್ಲಾದರೆ ನೀರು ಅಕ್ಕಪಕ್ಕಕ್ಕೆ ಹರಡಿಕೊಳ್ಳುತ್ತೆ, ಗುಹೆಯಲ್ಲಿ ಹರಡೋಕೆ ಜಾಗ ಎಲ್ಲಿದೆ? ಚಾವಣಿ ಕಡೆಗೇ ಏರಬೇಕು. ಆಗ ಈಜು ಬಂದವರಿಗೂ ಉಪಯೋಗವಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಮಳೆಗಾಲ, ನೀರು ಹೆಚ್ಚಾದರೆ ಟ್ಯೂಬಿಂಗ್ ನಿಲ್ಲಿಸಿಬಿಡ್ತಾರೆ. ದುಡ್ಡು ಕಟ್ಟಿದೀವಿ, ಅಷ್ಟು ದೂರದಿಂದ ಬಂದಿದೀವಿ ಅಂತ ಜಗಳಕ್ಕೆ ನಿಲ್ಲಬೇಡಿ. ಆಗುತ್ತಾದರೆ ಫೆಬ್ರವರಿಯಿಂದ ಮೇ ಒಳಗೆ ಹೋಗಿ. ಲೈಸೆನ್ಸ್ ಇರೋ ಗೈಡ್ ಜೊತೆಗೇ ಹೋಗಿ.

ಇನ್ನೊಂದು ವಿಷಯ, ಬುಕ್ ಮಾಡುವಾಗ ಮಗಳ ಹತ್ತಿರ ಹೆಸರು ಸರಿಯಾಗಿ ಕೇಳಿ. ಬೆಲೀಜ್‌ನಲ್ಲೇ ಅಕ್ಟುನ್ ತುನಿಚಿಲ್ ಮುಕ್ನಾಲ್ ಅಂತ ಇನ್ನೊಂದು ಗುಹೆ ಇದೆ, ಎಲ್ಲರೂ ಎಟಿಎಂ ಅಂತಲೇ ಕರೀತಾರೆ. ಅಲ್ಲಿ ಟ್ಯೂಬ್ ಇಲ್ಲ. ಬಾಗಿಲಲ್ಲೇ ಆಳದ ನೀರು, ಈಜಿಕೊಂಡೇ ಒಳಗೆ ಹೋಗಬೇಕು, ಆಮೇಲೆ ಬಂಡೆ ಹತ್ತಬೇಕು. ಒಳಗೆ ಮಾಯಾ ಕಾಲದ ಮಡಕೆಗಳು, ಮನುಷ್ಯರ ಅಸ್ಥಿಪಂಜರಗಳು ಇದ್ದಲ್ಲೇ ಇವೆ. ಯಾರೋ ಪ್ರವಾಸಿಯ ಕೈಯಿಂದ ಕ್ಯಾಮೆರಾ ಜಾರಿ ಒಂದು ತಲೆಬುರುಡೆ ತೂತಾದ ಮೇಲೆ, 2012ರಿಂದ ಅಲ್ಲಿ ಕ್ಯಾಮೆರಾ ಒಯ್ಯೋ ಹಾಗಿಲ್ಲ. ನೋಡಬೇಕಾದ ಜಾಗವೇ, ಆದರೆ ನಿಮಗಲ್ಲ.

ಕರಾವಳಿಗೆ ಪ್ರವಾಸಿಗರ ಕ್ರೂಸ್ ಹಡಗು ಬಂದ ದಿನ ನೊಹೋಚ್ ಚೆಎನ್‌ನಲ್ಲಿ ಜನಜಾತ್ರೆ, ಅವತ್ತು ಬೇಡ. ಜೀನ್ಸ್ ಹಾಕಬೇಡಿ, ನೆಂದರೆ ಕಲ್ಲಿನ ಭಾರ. ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ. ಹವಾಯಿ ಚಪ್ಪಲಿಯಂತೂ ಬೇಡವೇ ಬೇಡ, ಹಿಮ್ಮಡಿಗೆ ಪಟ್ಟಿ ಇರೋದನ್ನೇ ಹಾಕಿ. ನನ್ನದೊಂದು ಚಪ್ಪಲಿ ನನಗಿಂತ ಮುಂಚೆ ಗುಹೆ ದಾಟಿ ಹೋಗಿತ್ತು.